ದಣಿಗಳ ನೀರು ಹೊತ್ತ ತುಕ್ರಪ್ಪ

ಕಕ್ಕಿಂಜೆ ಪೇಟೆಗೆ ತುಕ್ರಪ್ಪನ ಸ್ವರ ಕೇಳದೆ ಬೆಳಗಾಗುವುದಿಲ್ಲ. ಸರ್ವಿಸ್ ಜೀಪಿನ ಡ್ರೈವರ್. ಅವನ ಜೀಪಿಗೆ ಹಾರ್ನ್ ಉಂಟೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಸಂದರ್ಭವೇ ಯಾರಿಗೂ ಬಂದಿಲ್ಲ, ಗಂಟಲು ಸಾಕು. "ಒಳಗೆ ಸರಿಯಿರಿ, ಇನ್ನೂ ಸರಿಯಿರಿ! ಮನೆಯಲ್ಲಿ ಕಾಲು ಚಾಚಲಿಕ್ಕೆ ಜಾಗ ಇಲ್ಲದವರೆಲ್ಲ ನನ್ನ ಜೀಪಿಗೇ ಬರುವುದು!" ಎಂದು ಬೊಬ್ಬೆ ಹೊಡೆದರೆ ಉಜಿರೆಗೆ ಹೊರಟ ಮುದುಕಿಯರೂ ನಗುತ್ತಾ ಮಡಿಲ ಚೀಲವನ್ನು ಇನ್ನಷ್ಟು ಒತ್ತಿ ಹಿಡಿಯುತ್ತಾರೆ. ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಮನುಷ್ಯನಲ್ಲ ಎಂದು ಊರಿಗೆ ಗೊತ್ತು. ಬೈಸಿಕೊಂಡವರು ಇಟ್ಟುಕೊಳ್ಳುತ್ತಾರೋ ಎಂದು ಅವನು ಯೋಚಿಸಿದವನಲ್ಲ.

ಸಿಟ್ಟು ಅವನಿಗೆ ಹುಟ್ಟಿದಾಗಲೇ ಬಂದದ್ದು. ನಾಲ್ಕನೇ ಕ್ಲಾಸಿನಲ್ಲಿ ಬೇರೆ ಯಾರೋ ಮಾಡಿದ ತಪ್ಪಿಗೆ ಮಾಸ್ತರು ಇವನ ಕಿವಿ ಹಿಂಡಿದರು. ಸ್ಲೇಟನ್ನು ಅವರ ಕಾಲ ಬುಡಕ್ಕೆ ಬಡಿದು ಶಾಲೆಯಿಂದ ಇಳಿದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ತಾಯಿ ಆಗಲೇ ತೀರಿಹೋಗಿದ್ದರು. ಗಂಜಿ ಹಾಕಿ ಸಾಕಿದ್ದು ತಾಯಿಯ ತಂಗಿ ಸೇಸಮ್ಮ. ಹೊಳೆಯಾಚೆ, ಕಾಲುಸಂಕ ದಾಟಿದರೆ ಸಿಗುವ ಸಣ್ಣ ಮನೆ ಅವರದು. "ಈ ಹುಡುಗನಿಗೆ ಓದು ಹತ್ತುವುದಿಲ್ಲ, ಕೋಪ ಮಾತ್ರ ಹತ್ತುತ್ತದೆ" ಎಂದು ಅವರು ಅವನನ್ನು ಒಂದು ಲಾರಿಯ ಕ್ಲೀನರ್ ಮಾಡಿಸಿದರು. ಹಾಗೆ ಬಂದದ್ದು ಸ್ಟೇರಿಂಗ್.

ಆದರೆ ಕೇಳಿದವರಿಗೆ ತುಕ್ರಪ್ಪ ಹೇಳುವುದು ಜೀಪಿನ ಸಂಗತಿಯಲ್ಲ. "ನಾನು ಅಳದಂಗಡಿ ದಣಿಗಳ ಜನ" ಎಂದು.

ದಣಿಗಳೆಂದರೆ ಅನಂತರಾಜರು. ಅಳದಂಗಡಿಯ ಹಳೆಯ ಜೈನ ಮನೆತನ, ಒಂದು ಕಾಲದಲ್ಲಿ ಈ ಗುಡ್ಡದ ಬುಡದ ಗದ್ದೆಗಳೆಲ್ಲ ಅವರಿಗೆ ಗೇಣಿ ಕೊಡುತ್ತಿದ್ದವು. ಭೂಮಸೂದೆ ಬಂದು ಗದ್ದೆಗಳು ಉತ್ತವರ ಪಾಲಾದವು. ಅವರಿಗೆ ಉಳಿದದ್ದು ಮನೆ, ಸ್ವಲ್ಪ ತೋಟ, ಮತ್ತು ಹೆಸರು. ಅನಂತರಾಜರು ಕಲಿತವರು, ಮೆತ್ತಗೆ ಮಾತಾಡುವವರು. ಪಕ್ಷದ ತಾಲೂಕು ನಾಯಕರಾಗಿ ಯಾರ ಕೈಯಿಂದಲೂ ಒಂದು ರೂಪಾಯಿ ತಿಂದವರಲ್ಲ. ಅದನ್ನು ಎದುರು ಪಕ್ಷದವರೂ ಒಪ್ಪುತ್ತಾರೆ. ಅವರು ಮೊದಲ ಸಲ ಚುನಾವಣೆಗೆ ನಿಂತಾಗ ಕಾರು ಗುಡ್ಡದ ದಾರಿಯಲ್ಲಿ ಹೂತುಹೋಯಿತು. ತುಕ್ರಪ್ಪ ಜೀಪಿಗೆ ಹಗ್ಗ ಕಟ್ಟಿ ಎಳೆದು ಕೊಟ್ಟ. ಆಮೇಲೆ, "ಆ ಕಾರಲ್ಲಿ ನೀವು ಎಲ್ಲಿಗೂ ಮುಟ್ಟುವುದಿಲ್ಲ, ಜೀಪಿಗೆ ಹತ್ತಿ" ಎಂದ. ಅವರು ಹತ್ತಿದರು. ಅಂದಿನಿಂದ ಎಲ್ಲಿ ಮತ ಕೇಳಲಿಕ್ಕೆ ಹೋದರೂ ಮುಂದೆ ತುಕ್ರಪ್ಪ, ಹಿಂದೆ ದಣಿಗಳು.

"ನನ್ನನ್ನು ಅಣ್ಣ ಅಂತ ಕರಿ ಮಾರಾಯ, ಈ ದಣಿ ಎಲ್ಲ ಎಂತಕ್ಕೆ ಈಗಿನ ಕಾಲದಲ್ಲಿ?" ಎಂದು ಅವರು ಎಷ್ಟು ಸಲ ಹೇಳಿದರೂ ತುಕ್ರಪ್ಪನ ಬಾಯಿಗೆ ಅದು ಬರಲಿಲ್ಲ. ಬರಬೇಕೆಂದು ಅವನಿಗೆ ಮನಸ್ಸೂ ಇರಲಿಲ್ಲ. ಬರೀ ಅಣ್ಣನ ಮುಂದೆ ನಡೆಯುವುದರಲ್ಲಿ ಎಂಥ ಗತ್ತು?

ಮೊದಲ ಚುನಾವಣೆಯ ಗಡಿಬಿಡಿಯಲ್ಲಿ ಅನಂತರಾಜರಿಗೆ ಕಾಮಾಲೆಯಾಯಿತು. ಎಲ್ಲಿಯ ನೀರೋ, ಎಲ್ಲಿಯ ಮಜ್ಜಿಗೆಯೋ. ಅವರು ಹಾಸಿಗೆ ಬಿಟ್ಟು ಎದ್ದ ಮೇಲೆ ತಾಯಿ ರಾಜಮತಿಯಮ್ಮ ತುಕ್ರಪ್ಪನನ್ನು ಚಾವಡಿಗೆ ಕರೆದು, ಒಂದು ಬಾಟಲಿ ಸೋಸಿ ಕಾಯಿಸಿದ ನೀರನ್ನು ಕೈಗೆ ಕೊಟ್ಟರು. "ಇನ್ನು ಸ್ವಲ್ಪ ಸಮಯ ಇವನ ನೀರಿನ ಜವಾಬ್ದಾರಿ ನಿನ್ನದು ತುಕ್ರಾ. ಹೊರಗೆ ಸಿಕ್ಕಿದ್ದು ಕುಡಿಸಬೇಡ" ಎಂದರು.

ಆ ಚಾವಡಿಯಲ್ಲಿ ತುಕ್ರಪ್ಪನ ಅಜ್ಜ ಯಾವತ್ತೂ ಕಾಲಿಟ್ಟವನಲ್ಲ. ಅಂಗಳದ ಕೆಳಗೆ ನಿಂತು ಮಾತಾಡಿ ಹೋದವನು. ಮೊಮ್ಮಗನನ್ನು ಒಳಗೆ ಕರೆದು, ಹೆಸರು ಹಿಡಿದು, ಮಗನ ನೀರನ್ನು ಕೈಗೆ ಕೊಡುತ್ತಾರೆಂದರೆ! ತುಕ್ರಪ್ಪ ಆ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಇಳಿದ. ರಾಜಮತಿಯಮ್ಮ ಹೇಳಿದ್ದು ಸ್ವಲ್ಪ ಸಮಯಕ್ಕೆ. ಅವನು ಹಿಡಿದುಕೊಂಡದ್ದು ವರ್ಷಗಟ್ಟಲೆ. ಕಾಮಾಲೆ ಗುಣವಾಯಿತು, ರಾಜಮತಿಯಮ್ಮ ತೀರಿಕೊಂಡರು, ಸೋಸಿದ ನೀರು ಹೋಗಿ ಅಂಗಡಿಯ ಸೀಲ್ ಬಾಟಲಿ ಬಂತು. ತುಕ್ರಪ್ಪನ ಹೆಗಲ ಚೀಲದಲ್ಲಿ ದಣಿಗಳ ನೀರು ಮಾತ್ರ ತಪ್ಪಲಿಲ್ಲ.

ನಮ್ಮ ಕಡೆ ಒಂದು ಕ್ರಮ ಉಂಟು. ಬಿಸಿಲಲ್ಲಿ ನಡೆದು ಯಾರೇ ಅಂಗಳಕ್ಕೆ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬಂದವನು ಸಾಲ ಕೇಳಲಿಕ್ಕೆ ಬಂದನೋ ಜಗಳಕ್ಕೆ ಬಂದನೋ ಎಂಬುದೆಲ್ಲ ಆಮೇಲೆ. ಕೊಡದ ಮನೆ ಮನೆಯಲ್ಲ. ಮುಟ್ಟದ ನೆಂಟ ನೆಂಟನಲ್ಲ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ತುಕ್ರಪ್ಪನಿಗೆ ಅದು ಗೊತ್ತಿರಲಿಲ್ಲವೆ? ಬೆಲ್ಲ ನೀರು ಕುಡಿದೇ ದೊಡ್ಡವನಾದವನು. ಆದರೂ ಮತ ಕೇಳುವ ದಿನಗಳಲ್ಲಿ ಅವನು ಮಾಡುತ್ತಿದ್ದದ್ದು ಹೀಗೆ: ಜೀಪು ನಿಂತ ಕೂಡಲೇ ದಣಿಗಳಿಗಿಂತ ಮುಂಚೆ ತಾನು ಅಂಗಳಕ್ಕೆ ನುಗ್ಗುವುದು. "ನಾಯಿ ಕಟ್ಟಿ! ಕುರ್ಚಿ ಉಂಟಾ? ಮಕ್ಕಳನ್ನು ಆಚೆ ಮಾಡಿ!" ಹೆಂಗಸರು ಚೆಂಬಿಗೆ ಕೈ ಹಾಕಿದರೆ ಅಲ್ಲೇ ತಡೆ. "ಬೆಲ್ಲ ನೀರು ಎಲ್ಲ ಒಳಗಿಡಿ. ದಣಿಗಳು ಹೊರಗಿನ ನೀರು ಮುಟ್ಟುವುದಿಲ್ಲ."

ದಣಿಗಳು ಅಂಗಳ ಹತ್ತುವಷ್ಟರಲ್ಲಿ ಚೆಂಬು ಒಳಗೆ ಹೋಗಿರುತ್ತಿತ್ತು. ಮನೆಯವರು ಕೈ ಕಟ್ಟಿಕೊಂಡು ನಿಂತಿರುತ್ತಿದ್ದರು. ಅನಂತರಾಜರು ಕೈ ಮುಗಿದು, ರಸ್ತೆ, ಕರೆಂಟು, ಕಾಲುಸಂಕದ ಕುರಿತು ನಾಲ್ಕು ಒಳ್ಳೆಯ ಮಾತು ಆಡುತ್ತಿದ್ದರು. ಜನ ತಲೆ ಆಡಿಸುತ್ತಿದ್ದರು. ಯಾರೂ ಎದುರು ಮಾತಾಡುತ್ತಿರಲಿಲ್ಲ, ಯಾರೂ ನಗುತ್ತಲೂ ಇರಲಿಲ್ಲ. ಇಳಿದು ಬರುವಾಗ ತುಕ್ರಪ್ಪ ಬಾಟಲಿಯ ಸೀಲನ್ನು ಟಕ್ಕೆಂದು ಒಡೆದು ಕೊಡುತ್ತಿದ್ದ. ಅಂಗಳದವರೆಲ್ಲ ನೋಡುತ್ತಿದ್ದರು.

ಈ ಸಲದ ಚುನಾವಣೆಗೂ ಹಾಗೆಯೇ ಆಯಿತು. ಸೇಸಮ್ಮನ ಮನೆಗೆ ಹೋದಾಗ ಆಕೆ ಜಗಲಿಯಲ್ಲಿ ಹೊಸ ಚಾಪೆ ಹಾಸಿದ್ದರು. ತಿಕ್ಕಿ ಬೆಳಗಿಸಿದ ಹಿತ್ತಾಳೆಯ ಚೆಂಬು, ಪಕ್ಕದಲ್ಲಿ ಬಟ್ಟಲಲ್ಲಿ ಬೆಲ್ಲ. ಸಾಕಿದ ಹುಡುಗನ ಜೊತೆ ದೊಡ್ಡವರು ಬರುತ್ತಾರೆಂಬ ಸಂಭ್ರಮ.

"ಚಿಕ್ಕಮ್ಮ, ನಿಮಗೆ ಎಷ್ಟು ಸಲ ಹೇಳುವುದು? ಒಳಗಿಡಿ ಅದನ್ನು!"

"ಬರೀ ನೀರು ಮಗಾ. ಈಗ ಬಾವಿಯಿಂದ ಎಳೆದದ್ದು. ಐಸಿನ ಹಾಗೆ ಉಂಟು."

"ಐಸೂ ಬೇಡ, ಎಂತದೂ ಬೇಡ. ಅವರು ಮುಟ್ಟುವುದಿಲ್ಲ ಅಂದರೆ ಮುಟ್ಟುವುದಿಲ್ಲ. ನನ್ನ ಮರ್ಯಾದೆ ತೆಗೆಯಬೇಡಿ."

ಚೆಂಬನ್ನು ಅವನೇ ಎತ್ತಿ ಬಾಗಿಲ ಮರೆಗೆ ಇಟ್ಟ. ಸೇಸಮ್ಮ ಸೆರಗಿನ ತುದಿಯಿಂದ ಬೆಲ್ಲದ ಬಟ್ಟಲಿಗೆ ಮುತ್ತಿದ ನೊಣ ಓಡಿಸಿ ಅದನ್ನೂ ಒಳಗೆ ತೆಗೆದುಕೊಂಡು ಹೋದರು.

ಅನಂತರಾಜರು ಮತ್ತೊಮ್ಮೆ ಸೋತರು. ಸೋಲೇನು ದೊಡ್ಡದಲ್ಲ, ಒಬ್ಬ ಗೆಲ್ಲಬೇಕಾದರೆ ಇನ್ನೊಬ್ಬ ಸೋಲಲೇಬೇಕು. ಆದರೆ ತುಕ್ರಪ್ಪನ ಬೂತಿನಲ್ಲಿ ಬಿದ್ದ ಮತ ನೋಡಿ ಎಣಿಸುವವರಿಗೇ ಪಾಪ ಅನ್ನಿಸಿರಬೇಕು.

ಬೆಳ್ತಂಗಡಿಯ ಸಭಾಭವನವೊಂದರಲ್ಲಿ ಆತ್ಮಾವಲೋಕನ ಸಭೆ ಕರೆದರು. ಗೆದ್ದವರಿಗೆ ಮೆರವಣಿಗೆ, ಸೋತವರಿಗೆ ಆತ್ಮಾವಲೋಕನ. ಬಂಟ್ವಾಳದಿಂದ ಬಂದ ಮುಖಂಡರೊಬ್ಬರು ಎದುರಿನವರು ಹಣ ಹಂಚಿದ್ದಾರೆ ಎಂದರು. ಇನ್ನೊಬ್ಬರು, ಮದುವೆಯ ಸೀಸನ್, ನಮ್ಮ ಓಟಿನವರೆಲ್ಲ ಊಟಕ್ಕೆ ಹೋಗಿದ್ದರು ಎಂದರು. ಊಟಕ್ಕೆ ಹೋಗುವಾಗ ಎದುರಿನವರ ಓಟಿನವರು ಉಪವಾಸವಿದ್ದರೋ ಏನೋ, ಅದನ್ನು ಯಾರೂ ಕೇಳಲಿಲ್ಲ. ಕೊನೆಗೆ ಮೂಡುಬಿದಿರೆ ಕಡೆಯ ಜಿನೇಶ್ ಎದ್ದು ನಿಂತ. ಪಕ್ಷದ ಕಾರ್ಯದರ್ಶಿ, ನಾಲಗೆ ಸ್ವಲ್ಪ ಹರಿತ.

"ಒಂದು ಮಾತು ಹೇಳ್ತೇನೆ, ಅನಂತಣ್ಣ ಬೇಜಾರು ಮಾಡಬಾರದು. ನಮ್ಮ ನಾಯಕರು ಒಳ್ಳೆಯವರು ಅಂತ ಎಲ್ಲರೂ ಹೇಳ್ತಾರೆ. ನಮ್ಮವರು ಅಂತ ಯಾರೂ ಹೇಳುವುದಿಲ್ಲ. ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ."

ತುಕ್ರಪ್ಪ ಹಿಂದಿನ ಸಾಲಿನಿಂದ ಎದ್ದುನಿಂತ. "ನನಗೆ ಗೊತ್ತುಂಟು! ಜನಕ್ಕೆ ನಿಯತ್ತಿಲ್ಲ! ಇಂಥ ಮನುಷ್ಯ ಮನೆ ಬಾಗಿಲಿಗೆ ಬಂದು ಕೈ ಮುಗಿದರೆ ಕಲ್ಲಿನ ಹಾಗೆ ನಿಲ್ತಾರೆ. ದಣಿಗಳ ಬೆಲೆ ಈ ಜನಕ್ಕೆ ಗೊತ್ತಿಲ್ಲ!"

ಜಿನೇಶ್ ನಕ್ಕ. "ಜನ ಇರಲಿ ತುಕ್ರಪ್ಪಣ್ಣ. ನಿಮ್ಮ ಸ್ವಂತ ಚಿಕ್ಕಮ್ಮನ ಓಟಾದರೂ ಬಿತ್ತಾ?"

ಸಭೆಗೆ ಸಭೆಯೇ ನಕ್ಕಿತು. ತುಕ್ರಪ್ಪ ಕುರ್ಚಿಯನ್ನು ಕಾಲಲ್ಲಿ ಒದ್ದು, "ಬಿದ್ದಿದೆ! ಬೀಳದೆ ಎಂತ! ನನ್ನನ್ನು ಸಾಕಿದವರು ಅವರು!" ಎಂದು ಕಿರುಚಿದ. ಅನಂತರಾಜರು ವೇದಿಕೆಯಿಂದ ಕೈ ಎತ್ತಿ ಕೂರಿಸಬೇಕಾಯಿತು.

ಹಿಂದಿರುಗುವಾಗ ಅವರು ಎಂದಿನಂತೆ ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಗುರುವಾಯನಕೆರೆ ದಾಟಿತು. ಆಮೇಲೆ ರಸ್ತೆಯನ್ನೇ ನೋಡುತ್ತಾ, "ತುಕ್ರಪ್ಪ, ನಾನು ಒಂದು ಕೇಳ್ತೇನೆ. ನಗಬಾರದು" ಎಂದರು.

"ಹೇಳಿ ದಣಿಗಳೇ."

"ನಮ್ಮ ಊರಲ್ಲಿ ಯಾರು ಹೋದರೂ ಬೆಲ್ಲ ನೀರು ಕೊಡ್ತಾರೆ. ಪೋಸ್ಟಿನವನಿಗೆ ಉಂಟು, ಕರೆಂಟ್ ಬಿಲ್ಲಿನವನಿಗೆ ಉಂಟು. ನನಗೆ ಇಷ್ಟು ವರ್ಷದಲ್ಲಿ ಒಂದು ಮನೆಯಲ್ಲೂ ಯಾರೂ ನೀರು ಬೇಕಾ ಅಂತ ಕೇಳಲಿಲ್ಲ. ಒಂದೇ ಒಂದು ಮನೆ!" ಅವರು ಸ್ವಲ್ಪ ನಕ್ಕರು, ನಗು ಸರಿಯಾಗಿ ಬರಲಿಲ್ಲ. "ಅಜ್ಜನ ಕಾಲದ ಗೇಣಿ, ದಬ್ಬಾಳಿಕೆ, ಅದೆಲ್ಲ ಅವರು ಮರೆತಿಲ್ಲ ಅಂತ ಕಾಣ್ತದೆ. ಮರೀಬೇಕು ಅಂತ ನಾನು ಹೇಳುವುದೂ ಸರಿಯಲ್ಲ. ಎಷ್ಟೋ ಸಲ ನಾನೇ ಬಾಯಿಬಿಟ್ಟು ಕೇಳುವ ಅಂತ ಮನಸ್ಸಾಗಿದೆ. ಇಲ್ಲ ಅಂದುಬಿಟ್ಟರೆ ಅಂತ ಹೆದರಿಕೆ."

ತುಕ್ರಪ್ಪ ಸರಿಯಾಗಿಯೇ ಇದ್ದ ಕನ್ನಡಿಯನ್ನು ಮತ್ತೆ ಸರಿಮಾಡಿದ.

"ನೀನೊಬ್ಬ ಬಾಟಲಿ ಹಿಡ್ಕೊಂಡು ಬರದಿದ್ದರೆ ನಾನು ಎಲ್ಲೋ ಬಿಸಿಲಲ್ಲಿ ಬಿದ್ದಿರುತ್ತಿದ್ದೆ ಮಾರಾಯ. ನಿನ್ನ ಋಣ ದೊಡ್ಡದು."

ಇದು ಹೇಳಲಿಕ್ಕೆ ಸರಿಯಾದ ಹೊತ್ತಾಗಿತ್ತು. ಜೀಪು ಬದಿಗೆ ನಿಲ್ಲಿಸಿ, "ದಣಿಗಳೇ, ಅವರು ಕೊಡಲಿಕ್ಕೆ ಬಂದಿದ್ದರು, ಬೇಡ ಅಂದದ್ದು ನಾನು" ಎಂದು ಏಳು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಊರಿಗೆಲ್ಲ ಕೇಳುವ ಗಂಟಲಿನಿಂದ ಅಷ್ಟು ಹೊರಡಲಿಲ್ಲ. ಅದರ ಬದಲು ಹೊರಟದ್ದು ಇದು:

"ಈಗಿನ ಜನಕ್ಕೆ ಕ್ರಮ ಎಲ್ಲ ಗೊತ್ತಿಲ್ಲ ದಣಿಗಳೇ. ನೀವು ಅದನ್ನು ಮಂಡೆಗೆ ಹಾಕ್ಕೊಳ್ಳಬೇಡಿ."

ಹೇಳಿದ ಮೇಲೆ ಗೇರ್ ತಪ್ಪಿ ಜೀಪು ಕಿರುಗುಟ್ಟಿತು. ಎಷ್ಟೋ ವರ್ಷದಲ್ಲಿ ಮೊದಲ ಸಲ.

ಮನೆಯಲ್ಲಿ ಹೆಂಡತಿ ಪದ್ಮಾಕ್ಷಿ ಮಡಿಲಲ್ಲಿ ಎಲೆ, ಹೊಗೆಸೊಪ್ಪು ಹರಡಿದ ತಡ್ಪೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಗಂಡನ ಮುಖ ನೋಡಿದಳು. "ಎಂತ, ಆತ್ಮಾವಲೋಕನ ಆಯ್ತಾ?"

"ಚಿಕ್ಕಮ್ಮ ಓಟು ನಮಗೇ ಹಾಕಿದ್ದಲ್ವಾ?"

ಪದ್ಮಾಕ್ಷಿಯ ಬೆರಳು ಒಂದು ಕ್ಷಣ ನಿಂತು ಮತ್ತೆ ಓಡಿತು. "ನನ್ನ ಹತ್ತಿರ ಕೇಳಬೇಡಿ. ನಾನು ಹೇಳಿದರೆ ನೀವು ತಡ್ಪೆ ಎಸೆಯುತ್ತೀರಿ, ಬೀಡಿ ಎಲ್ಲ ನಾನೇ ಹೆಕ್ಕಬೇಕು. ಅವರನ್ನೇ ಕೇಳಿ."

ಮರುದಿನ ಸಂಕ ದಾಟಿ ಹೋದ. ಸೇಸಮ್ಮ ಅಂಗಳದಲ್ಲಿ ಹುಣಸೆಹಣ್ಣು ಒಣಗಿಸುತ್ತಿದ್ದರು. ಅವನು ನಿಂತಲ್ಲೇ ಕೇಳಿದ, ನೀರು ಕೊಡುವಷ್ಟು ಹೊತ್ತೂ ಬಿಡಲಿಲ್ಲ.

"ಚಿಕ್ಕಮ್ಮ, ಸತ್ಯ ಹೇಳಿ. ದಣಿಗಳಿಗೆ ಓಟು ಹಾಕಿದಿರಾ ಇಲ್ವಾ?"

"ಇಲ್ಲ ಮಗಾ."

ಇಷ್ಟು ಸಲೀಸಾಗಿ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. ಬೈಯಲು ತೆರೆದ ಬಾಯಿ ತೆರೆದೇ ಇತ್ತು.

"ಕೂತುಕೋ. ಬೊಬ್ಬೆ ಹೊಡೆದು ಕಾಲು ಬಡೀಬೇಡ, ಹುಣಸೆಹಣ್ಣಿಗೆ ಮಣ್ಣು ಬೀಳ್ತದೆ. ನನ್ನ ಅಪ್ಪ, ಅಂದರೆ ನಿನ್ನ ಅಜ್ಜ, ಆ ಮನೆಯ ಗದ್ದೆ ಉತ್ತವರು. ಬಾಯಾರಿದರೆ ಅಂಗಳದ ಕೆಳಗೆ ನಿಲ್ಲಬೇಕು. ಮೇಲಿನಿಂದ ತೆಂಗಿನ ಗೆರಟೆಗೆ ಹೊಯ್ಯುವುದು. ಕುಡಿದು ಗೆರಟೆ ತೊಳೆದು ಕವುಚಿ ಇಡುವುದು. ನಾನು ನೋಡಿದ್ದೇನೆ, ಕಣ್ಣಾರೆ. ಅದೆಲ್ಲ ಹೋಯ್ತು, ಈಗಿನವರು ಒಳ್ಳೆಯವರು ಅಂತ ನೀನು ಹೇಳಿದಿ. ನಾನು ನಂಬಿದೆ. ಚೆಂಬು ತಿಕ್ಕಿ ಇಟ್ಟೆ. ಒಂದು ಸಲ ಅಲ್ಲ, ಬಂದಾಗೆಲ್ಲ ಇಟ್ಟೆ. ನಮ್ಮ ನೀರು ಅವರು ಮುಟ್ಟುವುದಿಲ್ಲ ಅಂತ ನೀನೇ ಹೇಳಿದಿಯಲ್ವಾ? ನೀರು ಮುಟ್ಟದವರಿಗೆ ಓಟು ಹೇಗೆ ಹಾಕುವುದು?"

"ಅದು ಹಾಗಲ್ಲ ಚಿಕ್ಕಮ್ಮ!"

"ಮತ್ತೆ ಹೇಗೆ?"

ಹೇಗೆ ಎಂದು ಹೇಳಬೇಕಿತ್ತು. ಕಾಮಾಲೆ ಎಂಬ ಒಂದು ಶಬ್ದ ಸಾಕಿತ್ತು. ಆದರೆ ಕಾಮಾಲೆ ಎಂದರೆ, ಅದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ದಣಿಗಳಿಗೆ ಹೊಟ್ಟೆ ಸರಿಯಿಲ್ಲ, ಕಾಯಿಸಿದ ನೀರಾದರೆ ಕೊಡಿ ಎಂದರೆ ಯಾವ ಮನೆಯಲ್ಲಿ ಕಾಯಿಸಿ ಕೊಡುತ್ತಿರಲಿಲ್ಲ? ಹಾಗೆ ಹೇಳಲಿಲ್ಲ, ಯಾಕೆ? ಸೇಸಮ್ಮನ ಕಣ್ಣೆದುರು ನಿಂತು ಅವನಿಗೆ ಅದು ತಿಳಿಯಿತು. "ಮುಟ್ಟುವುದಿಲ್ಲ" ಎನ್ನುವಾಗ ಬಾಯಿಗೆ ಒಂದು ರುಚಿ ಬರುತ್ತಿತ್ತು. ಗೆರಟೆಯಲ್ಲಿ ಕುಡಿದವನ ಮೊಮ್ಮಗ ಜಗಲಿಯ ಮೇಲೆ ನಿಂತು, ಅಂಗಳದಲ್ಲಿದ್ದವರಿಗೆ ಆ ಮಾತು ಹೇಳುವ ರುಚಿ. ಹೇಳಿದಾಗ ಅವನಿಗೆ ತಾನು ಆ ಮನೆಯವನು ಅನ್ನಿಸುತ್ತಿತ್ತು, ಈ ಮನೆಯವನಲ್ಲ.

ಅವನು ನೆಲ ನೋಡಿದ. ಆಮೇಲೆ, ಹೇಡಿಯ ಹಾಗೆ, ಬೇರೆ ದಾರಿ ಹುಡುಕಿದ.

"ನಾಳೆ ನಾನು ದಣಿಗಳನ್ನು ಕರ್ಕೊಂಡು ಬರ್ತೇನೆ. ನೀವು ನೀರು ಕೊಡಿ. ಅವರು ಕುಡೀತಾರೆ. ಹಿಂದಿನ ಮಾತು ಎಂತದೂ ಎತ್ತಬೇಡಿ, ಆಯ್ತಾ?"

"ಕುಡೀತಾರಾ?"

"ಕುಡೀತಾರೆ ಅಂದೆನಲ್ಲ!"

"ಆಯ್ತು" ಎಂದರು ಸೇಸಮ್ಮ. "ಕೊಡುವ."

ಅವನ ಲೆಕ್ಕಾಚಾರ ಹೀಗಿತ್ತು: ಚಿಕ್ಕಮ್ಮ ಕೊಡುತ್ತಾರೆ, ದಣಿಗಳು ಕುಡಿಯುತ್ತಾರೆ. ಇಬ್ಬರ ಮನಸ್ಸೂ ತಿಳಿಯಾಗುತ್ತದೆ. ನಡುವೆ ನಿಂತವನು ಯಾರು, ಇಷ್ಟು ವರ್ಷ ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ದಣಿಗಳ ಮುಂದೆ ನಡೆಯುವ ಜಾಗವೂ ಉಳಿಯುತ್ತದೆ, ಚಿಕ್ಕಮ್ಮನ ಮುಖ ನೋಡುವ ಕಣ್ಣೂ ಉಳಿಯುತ್ತದೆ.

ಸೋತ ಮೇಲೆ ಕೃತಜ್ಞತೆ ಹೇಳಲಿಕ್ಕೆ ಹೋಗುವ ಎಂದು ತುಕ್ರಪ್ಪ ಹೇಳಿದಾಗ ಅನಂತರಾಜರಿಗೆ ಆಶ್ಚರ್ಯವಾಯಿತು. ಖುಷಿಯೂ ಆಯಿತು. ಜೊತೆಗೆ ಯಾರೂ ಬೇಡ, ಪಕ್ಷದ ಶಾಲೂ ಬೇಡ ಎಂದರು. ಸಂಕ ದಾಟುವಾಗ ತುಕ್ರಪ್ಪ ಅಭ್ಯಾಸಬಲದಿಂದ ಮುಂದೆ ಓಡಲು ಹೋಗಿ, ತಡೆದು ನಿಂತ. ಇವತ್ತು ಬಾಟಲಿಯೂ ಇರಲಿಲ್ಲ, ಚೀಲವೂ ಇರಲಿಲ್ಲ. ಹೆಗಲು ಹಗುರವಾಗಿ ಏನೋ ಮರೆತು ಬಂದ ಹಾಗೆ ಅನ್ನಿಸುತ್ತಿತ್ತು.

ಸೇಸಮ್ಮ ಅದೇ ಚಾಪೆ ಹಾಸಿದ್ದರು. ಕೈ ಮುಗಿದರು. "ಕೂತ್ಕೊಳ್ಳಿ ದಣಿಗಳೇ." ಅನಂತರಾಜರು ಕೂತರು. ಆಕೆ ಒಳಗೆ ಹೋಗಿ ಬಂದರು.

ಸ್ಟೀಲಿನ ತಟ್ಟೆಯಲ್ಲಿ ಬೆಲ್ಲ ಇತ್ತು. ಪಕ್ಕದಲ್ಲಿ, ಚೆಂಬು ಇರಬೇಕಾದಲ್ಲಿ, ಅಂಗಡಿಯ ನೀರಿನ ಬಾಟಲಿ. ಸೀಲ್ ಒಡೆದಿರಲಿಲ್ಲ. ಫ್ರಿಜ್ಜಿನಿಂದ ತೆಗೆದು ಬಿಸಿಲಲ್ಲಿ ತಂದದ್ದು, ಹೊರಮೈಯೆಲ್ಲ ಹನಿ.

"ತೆಗೆದುಕೊಳ್ಳಿ ದಣಿಗಳೇ. ಪೇಟೆಗೆ ನಾನೇ ಹೋಗಿ ಶಾಫಿಯ ಹೋಟೆಲಿನಿಂದ ತಂದದ್ದು. ಯಾರೂ ಮುಟ್ಟಲಿಲ್ಲ, ಚೀಲದಲ್ಲೇ ತಂದೆ."

ಅನಂತರಾಜರು ಬಾಟಲಿ ನೋಡಿದರು. ಸೇಸಮ್ಮನನ್ನು ನೋಡಿದರು. "ಇದು ಎಂತಕ್ಕೆ ಅಮ್ಮ? ನಿಮ್ಮಲ್ಲಿ ಬಾವಿ ಇಲ್ವಾ?"

"ಉಂಟು. ಅದು ನಮಗೆ."

"ಅಂದರೆ?"

ಸೇಸಮ್ಮ ತುಕ್ರಪ್ಪನ ಕಡೆ ತಿರುಗಿದರು. ಹಿಂದಿನ ಮಾತು ಎತ್ತಬೇಡಿ ಎಂದಿದ್ದನಲ್ಲ. ಆದರೆ ದೊಡ್ಡವರು ಕೇಳಿದಾಗ ಉತ್ತರ ಹೇಳದಿರುವುದು ಹೇಗೆ? "ತಾವು ನಮ್ಮ ನೀರು ಮುಟ್ಟುವುದಿಲ್ಲ ಅಂತ ತುಕ್ರ ಎಲ್ಲ ಮನೆಯಲ್ಲೂ ಹೇಳಿದ್ದಾನಲ್ಲ. ನಾವು ಇಟ್ಟ ಚೆಂಬನ್ನು ತಾವು ಬರುವ ಮೊದಲೇ ಒಳಗಿಡಿಸುತ್ತಿದ್ದ. ನಿನ್ನೆ ಬಂದು ನೀರು ಕೊಡಿ ಅಂದ. ತಮಗೆ ಆಗುವ ನೀರು ಇದೇ ಅಲ್ವಾ ಅಂತ ತಂದೆ. ತಪ್ಪಾಯ್ತಾ?"

ಹೊಳೆಯ ಆಚೆ ಬಸ್ಸೊಂದು ಹೋಯಿತು. ಅನಂತರಾಜರು ಚಾಪೆಯ ಮೇಲೆ ಪೂರ್ತಿ ತಿರುಗಿ ಕೂತರು.

"ತುಕ್ರಪ್ಪ," ಎಂದರು ಅನಂತರಾಜರು, "ನಾನು ಹಾಗೆ ಹೇಳಿದ್ದೇನಾ?"

"ಕಾಮಾಲೆ ಆಗಿತ್ತಲ್ಲ ದಣಿಗಳೇ... ಅಮ್ಮನವರು ಹೇಳಿದ್ದರು... ಹೊರಗಿನದ್ದು ಕುಡಿಸಬೇಡ ಅಂತ..."

"ಕಾಮಾಲೆ ಗುಣ ಆಗಿ ಎಷ್ಟು ಕಾಲ ಆಯ್ತು ಮಾರಾಯ?"

ತುಕ್ರಪ್ಪನ ಕೈ ಇಲ್ಲದ ಚೀಲದ ಪಟ್ಟಿ ಹುಡುಕಿ ಹೆಗಲಿಗೆ ಹೋಯಿತು.

"ಜೀಪಿನಲ್ಲಿ ನಾನು ಕೇಳಿದೆನಲ್ಲ. ಆಗಲೂ ನೀನು ಹೇಳಲಿಲ್ಲ."

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ವಾಸಿ. ಸಿಟ್ಟಿಗೆ ಸಿಟ್ಟು ಕೊಡುವುದು ತುಕ್ರಪ್ಪನಿಗೆ ಗೊತ್ತು. ಈ ಮೆತ್ತನೆಯ ಮಾತಿಗೆ ಏನು ಕೊಡಬೇಕೆಂದು ಯಾವ ಮಾಸ್ತರೂ ಅವನಿಗೆ ಕಲಿಸಿರಲಿಲ್ಲ. ಕಿವಿಯ ತುದಿ ಉರಿಯಿತು, ನಾಲ್ಕನೇ ಕ್ಲಾಸಿನಲ್ಲಿ ಹಿಂಡಿಸಿಕೊಂಡಾಗಲೂ ಹೀಗೆ ಉರಿದಿರಲಿಲ್ಲ. ಆವತ್ತು ತಪ್ಪು ಬೇರೆಯವನದ್ದಾಗಿತ್ತು.

ಅನಂತರಾಜರು ಬಾಟಲಿಯನ್ನು ತಟ್ಟೆಯಿಂದ ಎತ್ತಿ ಬದಿಗಿಟ್ಟರು. "ಅಮ್ಮ, ಬಾವಿ ನೀರು ಕೊಡ್ತೀರಾ?"

ಸೇಸಮ್ಮ ಕೂಡಲೇ ಏಳಲಿಲ್ಲ. "ಕೊಡ್ತೇನೆ. ಆದರೆ ಒಂದು ಮಾತು ಹೇಳ್ತೇನೆ ದಣಿಗಳೇ, ಮುದುಕಿ ಅಂತ ಕ್ಷಮಿಸಿ. ಇವನು ಮಂಡೆ ಇಲ್ಲದವನು, ಸರಿ. ನಿಮಗೂ ಬಾಯಿ ಉಂಟಲ್ಲ? ಬಾಯಾರಿದವ ಕೇಳ್ತಾನೆ. ಓಟು ಕೇಳಿದಿರಿ, ನೀರು ಕೇಳಲಿಲ್ಲ."

ಅನಂತರಾಜರ ಬಿಳಿ ಮುಖ ಕೆಂಪಾಯಿತು. "ಹೌದು" ಎಂದರು. ಬೇರೆ ಏನೂ ಹೇಳಲಿಲ್ಲ, ಅದೇ ದೊಡ್ಡದು. ವೇದಿಕೆಯಲ್ಲಾದರೆ ಅರ್ಧ ಗಂಟೆ ಹೇಳುತ್ತಿದ್ದರು.

"ತುಕ್ರಾ, ಒಂದು ಕೊಡಪಾನ ಎಳಿ."

ಅವನು ಬಾವಿಕಟ್ಟೆಗೆ ಹೋದ. ರಾಟೆ ಕೀಚಲಿಟ್ಟಿತು. ಎಳೆದು ತಂದು ಜಗಲಿಯ ಕೆಳಗೆ ಇಟ್ಟ; ಮೇಲೆ ಹತ್ತಲು ಕಾಲು ಬರಲಿಲ್ಲ. ಸೇಸಮ್ಮ ಹಿತ್ತಾಳೆಯ ಚೆಂಬಿಗೆ ತುಂಬಿಸಿ ಕೊಟ್ಟರು. ಅನಂತರಾಜರು ಬೆಲ್ಲವನ್ನು ಬಾಯಿಗೆ ಹಾಕಿ, ಚೆಂಬನ್ನು ಎತ್ತಿ ಹಿಡಿದು ಹೊಯ್ದುಕೊಳ್ಳದೆ, ಮನೆಯವರ ಹಾಗೆ ತುಟಿಗೇ ಇಟ್ಟು ಕುಡಿದರು. ಪೂರ್ತಿ ಕುಡಿದರು. ಗಂಟಲು ಏರಿಳಿಯುವುದನ್ನು ಸೇಸಮ್ಮ ನೋಡುತ್ತಾ ನಿಂತರು. ಮುಖದಲ್ಲಿ ನಗು ಬರಲಿಲ್ಲ, ಆದರೆ ಚೆಂಬನ್ನು ಹಿಂದೆ ತೆಗೆದುಕೊಳ್ಳುವಾಗ, "ಇನ್ನು ಸ್ವಲ್ಪ ಬೇಕಾ?" ಎಂದು ಕೇಳಿದರು.

"ಬೇಕು" ಎಂದರು ಅವರು.

ಹೊರಡುವಾಗ ತುಕ್ರಪ್ಪ ಮುಂದಾದ. ಅನಂತರಾಜರು ಅವನ ಹೆಗಲ ಮೇಲೆ ಕೈ ಇಟ್ಟರು. ಒತ್ತಲಿಲ್ಲ, ಬರೀ ಇಟ್ಟರು.

"ಆ ಮೇಲಿನ ಮನೆಗಳಿಗೆ ನಾನು ಒಬ್ಬನೇ ಹೋಗ್ತೇನೆ. ನೀನು ಬರುವುದು ಬೇಡ."

"ದಾರಿಯಲ್ಲಿ ನಾಯಿ ಉಂಟು ದಣಿಗಳೇ."

"ಇರಲಿ. ನಾಯಿಗೂ ನನ್ನ ಗುರುತಾಗಬೇಕಲ್ಲ."

ಅವರು ಗುಡ್ಡದ ದಾರಿ ಹಿಡಿದು ಹೋದರು. ಇಷ್ಟು ವರ್ಷದಲ್ಲಿ ತುಕ್ರಪ್ಪ ಅವರ ಬೆನ್ನು ನೋಡಿದ್ದು ಅದೇ ಮೊದಲು. ಬೆನ್ನು ಸ್ವಲ್ಪ ಬಾಗಿತ್ತು, ಬಿಳಿ ಅಂಗಿ ಬೆವರಿಗೆ ಅಂಟಿತ್ತು. ಮುಂದೆ ನಡೆಯುವವನಿಗೆ ಇದೆಲ್ಲ ಎಲ್ಲಿ ಕಾಣುತ್ತದೆ?

ಸೇಸಮ್ಮ ಬಾಟಲಿಯನ್ನು ಅವನ ಕೈಗೆ ಕೊಟ್ಟರು. "ಸೀಲ್ ಒಡೆದಿಲ್ಲ. ಶಾಫಿಗೆ ಹಿಂದೆ ಕೊಡು, ತೆಗೆದುಕೊಳ್ತಾನೆ."

"ಚಿಕ್ಕಮ್ಮ..."

"ಹೋಗು ಮಗಾ. ಸಂಜೆ ಗಂಜಿಗೆ ಬಾ ಬೇಕಾದರೆ. ಈಗ ಹೋಗು."

ಸಂಕ ದಾಟಿ ಪೇಟೆಗೆ ಬಂದ. ಬಾಟಲಿಯನ್ನು ಚೀಲಕ್ಕೆ ಹಾಕಬಹುದಿತ್ತು, ಚೀಲ ತಂದಿರಲಿಲ್ಲ. ಅಂಗಿಯೊಳಗೆ ಅಡಗಿಸುವಷ್ಟು ಸಣ್ಣದೂ ಅಲ್ಲ. ಕೈಯಲ್ಲೇ ಹಿಡಿದು ಪೇಟೆಯ ಉದ್ದಕ್ಕೂ ನಡೆದ. ಶಾಫಿಯ ಹೋಟೆಲಿನಲ್ಲಿ ಮಧ್ಯಾಹ್ನದ ಜನ, ಹೆಚ್ಚಿ‌ನವರೆಲ್ಲ ಅವನ ಜೀಪಿಗೆ ಹತ್ತುವವರು, ಅವನಿಂದ ಬೈಸಿಕೊಂಡವರು, ಅವನ ಮಾತಿಗೆ ಚೆಂಬು ಒಳಗಿಟ್ಟವರು.

ಶಾಫಿ ಗಲ್ಲಾದ ಮೇಲಿಂದ ತಲೆ ಎತ್ತಿದ. "ಇದೆಂತ ತುಕ್ರಪ್ಪಣ್ಣ? ಸೇಸಮ್ಮ ಬೆಳಿಗ್ಗೆ ಕೊಂಡುಹೋದ ಬಾಟಲಿ ಅಲ್ವಾ? ದಣಿಗಳು ಇದನ್ನೂ ಮುಟ್ಟಲಿಲ್ವಾ?"

ಬೆಂಚಿನಲ್ಲಿದ್ದ ಒಬ್ಬ ಕಿಸಕ್ಕೆಂದು ನಕ್ಕ. ತುಕ್ರಪ್ಪನ ಕೈ ಮುಷ್ಟಿಯಾಯಿತು. ಬೈಯಲಿಕ್ಕೆ ಬೇಕಾದದ್ದೆಲ್ಲ ಬಾಯಲ್ಲಿ ತಯಾರಿತ್ತು. ಅದನ್ನು ನುಂಗಿದ. ಬಾಟಲಿಯನ್ನು ಗಲ್ಲಾದ ಮೇಲೆ ಇಟ್ಟು ಏನೋ ಹೇಳಿದ.

"ಎಂತ?" ಎಂದ ಶಾಫಿ, ಕಿವಿ ಮುಂದೆ ಮಾಡಿ. "ಕೇಳುವುದಿಲ್ಲ. ನಿಮ್ಮ ಸ್ವರಕ್ಕೆ ಎಂತಾಯ್ತು ಇವತ್ತು? ಸ್ವಲ್ಪ ಜೋರು ಹೇಳಿ ಮಾರಾಯ್ರೆ."

ಎಲ್ಲರೂ ತಿರುಗಿ ನೋಡುತ್ತಿದ್ದರು. ತುಕ್ರಪ್ಪ ಗಲ್ಲಾದ ಅಂಚನ್ನು ಹಿಡಿದುಕೊಂಡ.

"ದಣಿಗಳು ಬಾವಿ ನೀರು ಕುಡಿದರು. ಎರಡು ಚೆಂಬು ಕುಡಿದರು. ಮುಟ್ಟುವುದಿಲ್ಲ ಅಂತ ಅವರು ಯಾವತ್ತೂ ಹೇಳಿದ್ದಲ್ಲ," ಎಂದ, ಈ ಸಲ ಹೊರಗೆ ಜೀಪಿಗೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ. "ಅದು ಹೇಳಿದ್ದು ನಾನು."